ಗಸಿಯ ಮಸಾಲೆಯನ್ನು ‘ಪರಿಮಳ ಬರುವವರೆಗೆ’ ಹುರಿಯುವುದೆಂದರೆ ಎಲ್ಲಿಯವರೆಗೆ?

ಹೊಸ ಒಲೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಕಡೆಯವನು. ಉದ್ಯೋಗದ ನಿಮಿತ್ತ ಬೆಂಗಳೂರಿನಲ್ಲಿ ಒಬ್ಬನೇ ಇದ್ದೇನೆ. ಆರು ತಿಂಗಳಿಂದ ಹೋಟೆಲ್ ಊಟ ಬಿಟ್ಟು ಮನೆಯಲ್ಲಿಯೇ ಅಡುಗೆ ಮಾಡಿಕೊಳ್ಳುತ್ತಿದ್ದೇನೆ. ಅನ್ನ, ಪಲ್ಯ, ತಿಳಿಸಾರುಗಳು ಒಂದು ಹದಕ್ಕೆ ಬಂದಿವೆ. ಆದರೆ ಮಸಾಲೆ ಹುರಿದು ರುಬ್ಬಿ ಮಾಡುವ ಕಡಲೆ ಗಸಿ ಮಾತ್ರ ಇದುವರೆಗೆ ಒಮ್ಮೆಯೂ ಅಮ್ಮನ ಕೈ ಅಡುಗೆಯ ಹತ್ತಿರಕ್ಕೆ ಬಂದಿಲ್ಲ.

ಅಮ್ಮನನ್ನು ಫೋನಿನಲ್ಲಿ ಕೇಳಿದರೆ ಪ್ರತಿಸಲವೂ ‘ಪರಿಮಳ ಬರುವವರೆಗೆ ಹುರಿ’ ಎಂಬ ಒಂದೇ ಉತ್ತರ ಬರುತ್ತದೆ. ಪರಿಮಳವೇನೋ ಒಂದೇ ನಿಮಿಷಕ್ಕೆ ಬರುತ್ತದೆ, ಮೂರು ನಿಮಿಷ ಕಳೆದರೂ ಬರುತ್ತಲೇ ಇರುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದೇ ನನಗೆ ತಿಳಿಯದು. ನಾನು ಮಾಡುವ ಕ್ರಮ ಹೀಗಿದೆ: ತೆಳುವಾದ ಸ್ಟೀಲ್ ಬಾಣಲೆಯಲ್ಲಿ ಎರಡು ಚಮಚ ತೆಂಗಿನೆಣ್ಣೆ ಕಾಯಿಸಿ, ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸಿನಕಾಯಿ ಎಲ್ಲವನ್ನೂ ಒಟ್ಟಿಗೆ ಹಾಕಿ, ದೊಡ್ಡ ಉರಿಯಲ್ಲಿ ಮೂರು ನಿಮಿಷ ಕೈಯಾಡಿಸುತ್ತೇನೆ. ಬಳಿಕ ಒಲೆ ಆರಿಸಿ, ಬಾಣಲೆಯಲ್ಲಿಯೇ ತಣಿಯಲು ಬಿಟ್ಟು, ತೆಂಗಿನ ತುರಿಯ ಜೊತೆ ಮಿಕ್ಸಿಗೆ ಹಾಕುತ್ತೇನೆ. ಮೊದಲ ಸಲ ಗಸಿ ಕಪ್ಪಾಗಿ, ನಾಲಿಗೆಯ ಬುಡದಲ್ಲಿ ನಿಲ್ಲುವಂತಹ ಕಹಿ ಬಂತು. ಹೆದರಿ ಮುಂದಿನ ಸಲ ಬೇಗನೆ ಇಳಿಸಿದೆ. ಆಗ ಅರ್ಧ ಗಂಟೆ ಕುದಿಸಿದರೂ ಕೊತ್ತಂಬರಿಯ ಹಸಿ ವಾಸನೆ ಹೋಗಲಿಲ್ಲ.

ಇದಲ್ಲದೆ ವಾರದ ದಿನಗಳಲ್ಲಿ ಈರುಳ್ಳಿ ಟೊಮೆಟೊ ಹಾಕಿ, ಅಂಗಡಿಯ ಮಸಾಲೆ ಪುಡಿಯಿಂದ ಮೇಲೋಗರ ಮಾಡುವುದುಂಟು. ಪುಡಿಯನ್ನು ಎಣ್ಣೆಗೆ ಹಾಕಿದ ಕ್ಷಣದಲ್ಲಿಯೇ ಅದು ಕಪ್ಪಾಗುತ್ತದೆ. ಹಾಕದೆ ಕೊನೆಗೆ ಬೆರೆಸಿದರೆ ಹಿಟ್ಟಿನಂತಹ ರುಚಿ ಬರುತ್ತದೆ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಬ್ರಹ್ಮಾವರದವಳು:

ನಿಮ್ಮ ಅಮ್ಮ ಹೇಳಿದ್ದು ತಪ್ಪಲ್ಲ. ನಲವತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ಮಾತ್ರ ಅರ್ಥವಾಗುವ ಮಾತು ಅದು, ಅಷ್ಟೇ. ಅವರು ಪರಿಮಳ ಎನ್ನುವುದು ಬಾಣಲೆಯಿಂದ ಮೊದಲು ಏಳುವ ವಾಸನೆಯನ್ನಲ್ಲ. ಹಸಿ ವಾಸನೆ ಪೂರ್ತಿ ಹೋಗಿ, ಅದರ ಜಾಗದಲ್ಲಿ ಬರುವ ಎರಡನೆಯ ವಾಸನೆಯನ್ನು. ಮತ್ತು ಆ ಎರಡನೆಯ ವಾಸನೆ ಒಂದೊಂದು ಸಾಮಾನಿಗೂ ಒಂದೊಂದು ಹೊತ್ತಿಗೆ ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಮೆಂತ್ಯ ಸೀದು ಹೋಗುವ ಹೊತ್ತಿಗೂ ಕೊತ್ತಂಬರಿ ಹಸಿಯಾಗಿಯೇ ಇರುತ್ತದೆ. ನಿಮಗೆ ಎರಡು ಸಲ ಸಿಕ್ಕಿದ ಎರಡು ಬಗೆಯ ಸೋಲು ಬೇರೆ ಬೇರೆ ತಪ್ಪುಗಳಿಂದ ಬಂದದ್ದಲ್ಲ. ತಪ್ಪು ಒಂದೇ, ನೀವು ಇಳಿಸಿದ ಹೊತ್ತು ಮಾತ್ರ ಬೇರೆ.

ಕಾಲು ಕಿಲೋ ಕಡಲೆಗೆ ನಮ್ಮ ಮನೆಯ ಅಳತೆ ಹೇಳುತ್ತೇನೆ. ಬ್ಯಾಡಗಿ ಮೆಣಸಿನಕಾಯಿ 10ರಿಂದ 12, ಕೊತ್ತಂಬರಿ ಬೀಜ ಎರಡು ದೊಡ್ಡ ಚಮಚ, ಜೀರಿಗೆ ಒಂದು ಸಣ್ಣ ಚಮಚ, ಮೆಂತ್ಯ ಕಾಲು ಸಣ್ಣ ಚಮಚ, ಅಷ್ಟೇ ಸಾಸಿವೆ, ಒಂದೂವರೆ ಲೋಟ ತೆಂಗಿನ ತುರಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು. ಮೆಂತ್ಯವನ್ನು ಅಂದಾಜಿಗೆ ಹಾಕಬೇಡಿ. ಕೈ ತಪ್ಪಿ ಅರ್ಧ ಚಮಚ ಬಿದ್ದರೆ ಎಷ್ಟು ಚೆನ್ನಾಗಿ ಹುರಿದರೂ ಕಹಿ ಬರುತ್ತದೆ.

ಮೊದಲು ತಳ ದಪ್ಪಗಿರುವ ಬಾಣಲೆ ತೆಗೆದುಕೊಳ್ಳಿ. ಕಬ್ಬಿಣದ್ದಾದರೆ ಎಲ್ಲಕ್ಕಿಂತ ಒಳ್ಳೆಯದು. ನಡು ಉರಿಯಲ್ಲಿ ಅದು ಕಾದ ಮೇಲೆ ಉರಿಯನ್ನು ಸಣ್ಣದು ಮಾಡಿ, ಅರ್ಧ ಚಮಚ ತೆಂಗಿನೆಣ್ಣೆಯಲ್ಲಿ ಕೊತ್ತಂಬರಿಯನ್ನು ಒಂದನ್ನೇ ಹುರಿಯಿರಿ. ಮೊದಲು ಒಂದು ಬಗೆಯ ಹುಲ್ಲಿನ ವಾಸನೆ ಬರುತ್ತದೆ, ಅದನ್ನು ನಂಬಬೇಡಿ. ಎರಡು ಮೂರು ನಿಮಿಷ ಕಳೆದ ಮೇಲೆ ಬೀಜದ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಆಗ ಒಂದು ಕಾಳನ್ನು ತೆಗೆದು, ಸ್ವಲ್ಪ ಆರಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ನೋಡಿ. ಚಪ್ಪಟೆಯಾದರೆ ಇನ್ನೂ ಹಸಿ ಇದೆ ಎಂದರ್ಥ. ಚಟ್ಟನೆ ಒಡೆದು ಪುಡಿಯಾದರೆ ಆಗಿದೆ. ಈ ಹಂತದಲ್ಲಿಯೇ ಜೀರಿಗೆಯನ್ನು ಅದಕ್ಕೆ ಸೇರಿಸಿ, ಅರ್ಧ ನಿಮಿಷ ಕೈಯಾಡಿಸಿ, ಎರಡನ್ನೂ ಅಗಲವಾದ ತಟ್ಟೆಗೆ ಸುರಿದುಬಿಡಿ. ಜೀರಿಗೆ ಸಣ್ಣದು, ತೆಳ್ಳಗಿನದು. ಅದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಡ.

ಮೆಂತ್ಯ ಮತ್ತು ಸಾಸಿವೆಯನ್ನು ಬೇರೆಯಾಗಿ, ಎರಡು ಹನಿ ಎಣ್ಣೆಯಲ್ಲಿ. ಮೆಂತ್ಯದ ಹಳದಿ ತಿರುಗಿ ನಸುಗೆಂಪಾಗುವಾಗ ಬಾಣಲೆಯನ್ನು ಒಲೆಯಿಂದ ಎತ್ತಿಬಿಡಬೇಕು. ಇಟ್ಟಿಗೆಯ ಬಣ್ಣ ಬಂದಿತೆಂದರೆ ತಡವಾಯಿತು, ಅದನ್ನು ಚೆಲ್ಲಿ ಹೊಸದಾಗಿ ಹುರಿಯಿರಿ. ಕಾಲು ಚಮಚ ಮೆಂತ್ಯ ಉಳಿಸಲು ಹೋಗಿ ಕಾಲು ಕಿಲೋ ಕಡಲೆ ಕೆಡಿಸಿದವರಲ್ಲಿ ನಾನೂ ಒಬ್ಬಳು.

ಮೆಣಸಿನಕಾಯಿ ಕೊನೆಗೆ. ತೊಟ್ಟು ಮುರಿದು, ಅರ್ಧ ಚಮಚ ಎಣ್ಣೆ ಸವರಿ, ಅತಿ ಸಣ್ಣ ಉರಿಯಲ್ಲಿ ಹುರಿಯಬೇಕು. ಅದು ಉಬ್ಬಿ ಹೊಳೆಯುತ್ತದೆ, ಆದರೆ ಬಣ್ಣ ಕೆಂಪಾಗಿಯೇ ಉಳಿಯಬೇಕು. ಆರಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗಿನ ಬೀಜ ಗಿಲಕಿಯಂತೆ ಸದ್ದು ಮಾಡುತ್ತದೆ. ನನ್ನ ಅತ್ತೆಯವರು ಪ್ರತಿಸಲವೂ ಹೀಗೆ ನೋಡುತ್ತಿದ್ದರು. ನನಗೆ ಆಗ ನಗು ಬರುತ್ತಿತ್ತು. ಈಗ ನಾನೂ ಹಾಗೆಯೇ ನೋಡುತ್ತೇನೆ, ನನ್ನ ಮಗಳು ನಗುತ್ತಾಳೆ.

ತೆಂಗಿನ ತುರಿಯನ್ನು ಗಸಿಗೆ ಕೆಂಪಗೆ ಹುರಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಒಲೆ ಆರಿಸಿದ ಮೇಲೆ ಅದೇ ಬಿಸಿ ಬಾಣಲೆಯಲ್ಲಿ ನೀರಿನಂಶ ಆರುವಷ್ಟು ಬಾಡಿಸುತ್ತೇವೆ. ಅರಶಿನವನ್ನು ಹುರಿಯುವುದಿಲ್ಲ, ರುಬ್ಬುವಾಗ ಹಾಕುತ್ತೇವೆ.

ಇನ್ನು ನಿಮ್ಮ ಕ್ರಮದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಹುರಿದದ್ದನ್ನು ಬಾಣಲೆಯಲ್ಲಿಯೇ ತಣಿಯಲು ಬಿಟ್ಟದ್ದು. ಒಲೆ ಆರಿದರೂ ಬಾಣಲೆಯ ಕಾವು ಆರುವುದಿಲ್ಲ. ನೀವು ಸರಿಯಾದ ಹೊತ್ತಿಗೆ ನಿಲ್ಲಿಸಿದ್ದರೂ ಮಸಾಲೆ ಅದರೊಳಗೆ ತಾನೇ ಹುರಿದುಕೊಳ್ಳುತ್ತಾ ಹೋಗುತ್ತದೆ. ತಟ್ಟೆಯನ್ನು ಒಲೆಯ ಪಕ್ಕದಲ್ಲಿ ಮೊದಲೇ ಇಟ್ಟುಕೊಂಡಿರಬೇಕು. ಹುರಿದಾದ ಮೇಲೆ ತಟ್ಟೆ ಹುಡುಕಲು ಹೋಗುವ ಅಷ್ಟು ಹೊತ್ತು ಸಾಕು.

ಕಾವಲಿ:

ಬ್ರಹ್ಮಾವರದವರು ಹೇಳಿದ ಕ್ರಮಕ್ಕೆ ನಾನು ಸೇರಿಸುವುದೇನೂ ಇಲ್ಲ. ಆದರೆ ಪ್ರಶ್ನೆ ಕೇಳಿದವರು ಹೊಸಬರಾದ್ದರಿಂದ, ಈ ಕ್ರಮ ಏಕೆ ಹೀಗಿದೆ ಎಂಬುದು ತಿಳಿದಿದ್ದರೆ ಮುಂದೆ ಬೇರೆ ಅಡುಗೆಗಳಲ್ಲಿಯೂ ತಾವೇ ನಿರ್ಧರಿಸಬಹುದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ನಾನು ಆಹಾರ ತಂತ್ರಜ್ಞಾನ ಓದಿದವನು.

ಒಣಗಿದ ಬೀಜವೆಂದು ನಾವು ಕರೆದರೂ ಅದರಲ್ಲಿ ಸ್ವಲ್ಪ ನೀರು ಇದ್ದೇ ಇರುತ್ತದೆ. ಸಾಸಿವೆ ಸಿಡಿಯುವುದು ಆ ನೀರು ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಸಿಪ್ಪೆಯನ್ನು ಒಡೆಯುವುದರಿಂದ. ಕೊತ್ತಂಬರಿ ಸಿಡಿಯದಿದ್ದರೂ ಅದರೊಳಗೂ ನಡೆಯುವುದು ಇದೇ ಒಣಗುವಿಕೆ. ನೀರಿನಂಶ ಇರುವವರೆಗೆ ಬೀಜದ ಒಳಗಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ತಡೆಯುತ್ತದೆ. ಅದು ಆರಿದ ಮೇಲೆ ಉಷ್ಣತೆ ಸರಸರನೆ ಏರಿ, ಸುಮಾರು 140 ಡಿಗ್ರಿಯಿಂದ ಮೇಲೆ ಬೀಜದಲ್ಲಿರುವ ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಬೆರೆತು ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ. ಕಾಫಿ ಬೀಜ ಹುರಿದಾಗ, ದೋಸೆಯ ತಳ ಕೆಂಪಾದಾಗ ಬರುವ ಘಮವೂ ಇದೇ ಜಾತಿಯದು. ಮೇಲಿನ ಉತ್ತರದಲ್ಲಿ ‘ಎರಡನೆಯ ವಾಸನೆ’ ಎಂದು ಕರೆದಿರುವುದು ಇದನ್ನೇ. ಮೊದಲಿನ ಹುಲ್ಲಿನ ವಾಸನೆ ಆವಿಯ ಜೊತೆ ಹಾರಿಹೋಗುತ್ತಿರುವ ಬೀಜದ ಸ್ವಂತ ತೈಲದ್ದು. ದೊಡ್ಡ ಉರಿಯಲ್ಲಿ ಏನಾಗುತ್ತದೆಂದರೆ, ಬೀಜದ ಹೊರಮೈ ಕರಟುವ ಹೊತ್ತಿಗೂ ಒಳಭಾಗದ ನೀರು ಆರಿರುವುದಿಲ್ಲ. ಹೀಗಾಗಿ ಒಂದೇ ಬೀಜದಲ್ಲಿ ಸೀದ ಕಹಿಯೂ ಹಸಿ ವಾಸನೆಯೂ ಒಟ್ಟಿಗೆ ಇರಲು ಸಾಧ್ಯ.

ಎಣ್ಣೆಯ ವಿಚಾರ. ಜೀರಿಗೆ, ಕೊತ್ತಂಬರಿ, ಲವಂಗ ಮೊದಲಾದವುಗಳ ಪರಿಮಳ, ಮೆಣಸಿನಕಾಯಿಯ ಖಾರ ಮತ್ತು ಕೆಂಪು, ಅರಶಿನದ ಹಳದಿ ಇವೆಲ್ಲವೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವಂಥವು. ಎಣ್ಣೆ ಬಿಸಿಯನ್ನು ಬೀಜದ ಎಲ್ಲ ಬದಿಗೂ ಸಮನಾಗಿ ತಲುಪಿಸುತ್ತದೆ, ಬಿಡುಗಡೆಯಾದ ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಪುಡಿ ಮಾಡಿ ತಿಂಗಳುಗಟ್ಟಲೆ ಡಬ್ಬಿಯಲ್ಲಿ ಇಡುವುದಾದರೆ ಎಣ್ಣೆ ಹಾಕದೆ ಅಥವಾ ತೀರ ಕಡಿಮೆ ಎಣ್ಣೆಯಲ್ಲಿ ಹುರಿಯುವುದು ಲೇಸು. ಎಣ್ಣೆಯ ಪಸೆ ಹೆಚ್ಚಾದರೆ ಪುಡಿಗೆ ಬೇಗ ಕಮಟು ವಾಸನೆ ಬರುತ್ತದೆ.

ನಿಮ್ಮ ಪುಡಿಯ ಸಮಸ್ಯೆಗೂ ಉತ್ತರ ಇಲ್ಲಿಯೇ ಇದೆ. ಇಡೀ ಬೀಜಕ್ಕೆ ಎರಡು ಮೂರು ನಿಮಿಷ ಬೇಕಾದರೆ ನುಣುಪು ಪುಡಿಗೆ ಕೆಲವು ಸೆಕೆಂಡುಗಳು ಸಾಕು, ಏಕೆಂದರೆ ಅದರ ಕಣಕಣಕ್ಕೂ ಬಿಸಿ ಒಮ್ಮೆಗೇ ತಾಗುತ್ತದೆ. ಆದ್ದರಿಂದ ಬರಿಯ ಎಣ್ಣೆಗೆ ಪುಡಿ ಹಾಕಬೇಡಿ. ಈರುಳ್ಳಿ ಚೆನ್ನಾಗಿ ಕೆಂಪಗಾದ ಮೇಲೆ ಉರಿಯನ್ನು ಪೂರ್ತಿ ತಗ್ಗಿಸಿ ಪುಡಿ ಹಾಕಿ, ಎರಡು ಸುತ್ತು ಕೈಯಾಡಿಸಿ, ತಕ್ಷಣ ಎರಡು ಚಮಚ ನೀರನ್ನೋ ಹೆಚ್ಚಿದ ಟೊಮೆಟೊವನ್ನೋ ಸೇರಿಸಿ. ನೀರಿನಂಶವಿರುವವರೆಗೆ ಪುಡಿ ಸೀಯಲಾರದು. ಆಮೇಲೆ ಅವಸರವಿಲ್ಲದೆ ಕುದಿಸುತ್ತಾ ಬನ್ನಿ. ನೀರು ಆರಿ, ಮಸಾಲೆ ಮುದ್ದೆಯಾಗಿ, ಅಂಚಿನಲ್ಲಿ ಕೆಂಪು ಎಣ್ಣೆ ಕಾಣಿಸಿಕೊಂಡಾಗ ಕುದಿಯುವ ಸದ್ದು ಬದಲಾಗುತ್ತದೆ. ತಕಪಕ ನಿಂತು, ಸಣ್ಣಗೆ ಚುರುಗುಟ್ಟುವ ಸದ್ದು ಕೇಳಿಸುತ್ತದೆ. ಎಣ್ಣೆ ಬಿಡುವವರೆಗೆ ಹುರಿಯಬೇಕು ಎಂದು ಹೇಳುವುದು ಇದಕ್ಕೇ. ಅಲ್ಲಿಂದ ಒಂದು ನಿಮಿಷ ಬಿಟ್ಟು ಬೇಯಿಸಿದ ತರಕಾರಿ, ನೀರು ಹಾಕಿದರೆ ಹಿಟ್ಟಿನ ರುಚಿ ಇರುವುದಿಲ್ಲ. ಎಣ್ಣೆಯಲ್ಲಿ ಜಿಪುಣತನ ಮಾಡಿದರೆ ಮಾತ್ರ ಈ ಹಂತ ಬರುವುದೇ ಇಲ್ಲ, ಮಸಾಲೆ ತಳ ಹಿಡಿಯುತ್ತದೆ.

ಅಗ್ರಹಾರದ ಅಡುಗೆಮನೆ:

ನಾವು ಮೈಸೂರಿನವರು, ಗಸಿ ನಮ್ಮ ಅಡುಗೆಯಲ್ಲ. ಆದರೂ ಸಾರಿನ ಪುಡಿ, ಹುಳಿ ಪುಡಿಗಳನ್ನು ವರ್ಷಕ್ಕೆ ಎರಡು ಬಾರಿ ಮನೆಯಲ್ಲಿಯೇ ಮಾಡುವ ಅಭ್ಯಾಸವಿರುವುದರಿಂದ ಒಂದೆರಡು ಮಾತು. ನಾವು ಹುರಿಯುವ ಮೊದಲು ಕೊತ್ತಂಬರಿ ಮತ್ತು ಮೆಣಸಿನಕಾಯಿಯನ್ನು ಮೊರದಲ್ಲಿ ಹರಡಿ, ಒಂದು ಹಗಲು ಬಿಸಿಲಿಗೆ ಇಡುತ್ತೇವೆ. ಮೇಲಿನ ಉತ್ತರ ಓದಿದ ಮೇಲೆ ಅದರ ಕಾರಣ ಸ್ಪಷ್ಟವಾಯಿತು. ಮಳೆಗಾಲದಲ್ಲಿ ಬಿಸಿಲು ಸಿಗದೆ ಹುರಿದ ಪುಡಿಗೆ ದುಪ್ಪಟ್ಟು ಹೊತ್ತು ಹಿಡಿಯುತ್ತದೆ, ಆದರೂ ಆ ಘಮ ಬರುವುದಿಲ್ಲ.

ಮೆಣಸಿನಕಾಯಿಯ ಆಯ್ಕೆಯನ್ನೂ ಗಮನಿಸಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಮೆಣಸಿನಕಾಯಿ ಸುಕ್ಕುಗಟ್ಟಿದ ಮೈಯದು, ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಗುಂಟೂರಿನದು ನುಣುಪು ಮೈಯದು, ಖಾರ ಹೆಚ್ಚು. ಎರಡನ್ನೂ ಬೆರೆಸುವವರು ಬೇರೆ ಬೇರೆಯಾಗಿ ಹುರಿಯಬೇಕು. ಹುರಿಯುವಾಗ ಕೆಮ್ಮು ಬರುವಷ್ಟು ಘಾಟು ಎದ್ದಿತೆಂದರೆ ಮೆಣಸಿನಕಾಯಿ ಕರಗಾಗುತ್ತಿದೆ ಎಂದೇ ತಿಳಿಯಬೇಕು. ಪಕ್ಕದ ಮನೆಯವರಿಗೂ ಕೆಮ್ಮು ಬಂದರೆ ಆಗಿಯೇ ಹೋಗಿದೆ.

ಒಂದು ಭಿನ್ನಾಭಿಪ್ರಾಯವನ್ನು ಮಾತ್ರ ದಾಖಲಿಸಬೇಕಾಗಿದೆ. ಈ ಚರ್ಚೆಯನ್ನು ಓದುವ ಹೊಸಬರು, ಎಲ್ಲ ಮಸಾಲೆಯನ್ನೂ ಎಲ್ಲ ಅಡುಗೆಗೂ ಹುರಿಯಲೇಬೇಕು ಎಂದುಕೊಳ್ಳುವ ಅಪಾಯವಿದೆ. ಮಜ್ಜಿಗೆಹುಳಿಗೆ ನೆನೆಸಿದ ಕಡಲೆಬೇಳೆ, ಜೀರಿಗೆ, ಹಸಿಮೆಣಸಿನಕಾಯಿ, ತೆಂಗಿನಕಾಯಿಗಳನ್ನು ಹಸಿಯಾಗಿಯೇ ರುಬ್ಬಬೇಕು, ಹುರಿದರೆ ಅದು ಮಜ್ಜಿಗೆಹುಳಿಯೇ ಅಲ್ಲ. ನಿಮ್ಮ ಕರಾವಳಿಯಲ್ಲಿಯೇ ಮಾವಿನಹಣ್ಣಿನ ಸಾಸಿವೆ ಎಂಬ ಅಡುಗೆಗೆ ಸಾಸಿವೆಯನ್ನು ಹಸಿಯಾಗಿ ರುಬ್ಬಿ ಹಾಕುತ್ತಾರಲ್ಲವೇ? ಹುರಿಯುವುದೋ ಬಿಡುವುದೋ ಎಂಬುದನ್ನು ಆ ಅಡುಗೆಯೇ ನಿರ್ಧರಿಸುತ್ತದೆ.

ಕಾವಲಿ:

ಸಾಸಿವೆಯ ಉದಾಹರಣೆ ಬಹಳ ಸೂಕ್ತವಾಗಿದೆ. ಹಸಿ ಸಾಸಿವೆಯನ್ನು ನೀರು ಹಾಕಿ ರುಬ್ಬಿದಾಗ ಅದರಲ್ಲಿರುವ ಒಂದು ಕಿಣ್ವ ಕೆಲಸ ಮಾಡಿ, ಮೂಗಿಗೆ ಏರುವ ಆ ಘಾಟನ್ನು ಹುಟ್ಟಿಸುತ್ತದೆ. ಬಿಸಿ ತಾಗಿದರೆ ಆ ಕಿಣ್ವ ನಿಷ್ಕ್ರಿಯವಾಗುತ್ತದೆ. ಒಗ್ಗರಣೆಯ ಸಾಸಿವೆ ಘಾಟಾಗಿರದೆ ಕಡಲೆಬೀಜದಂತಹ ರುಚಿ ಕೊಡುವುದು ಇದರಿಂದಲೇ. ಮಜ್ಜಿಗೆಹುಳಿಯ ವಿಷಯದಲ್ಲಿಯೂ ನಿಮ್ಮ ಮಾತನ್ನು ಒಪ್ಪುತ್ತೇನೆ.

ದೂರದೂರು:

ನಾನು ಕುಂದಾಪುರದವಳು, ಈಗ ಜರ್ಮನಿಯಲ್ಲಿದ್ದೇನೆ. ಇಲ್ಲಿ ಗ್ಯಾಸ್ ಒಲೆ ಇಲ್ಲ, ಗಾಜಿನ ಮೇಲ್ಮೈಯ ವಿದ್ಯುತ್ ಒಲೆ. ಅದರಲ್ಲಿ ಉರಿ ತಗ್ಗಿಸಲು ಗುಂಡಿ ತಿರುಗಿಸಿದರೂ ಕಾವು ಇಳಿಯಲು ಒಂದೆರಡು ನಿಮಿಷ ಹಿಡಿಯುತ್ತದೆ. ಊರಿನ ಅಭ್ಯಾಸದಲ್ಲಿ ಹುರಿದು, ಮೊದಲ ಒಂದು ವರ್ಷ ನಾನು ಕೆಡಿಸಿದ ಮೆಂತ್ಯಕ್ಕೆ ಲೆಕ್ಕವಿಲ್ಲ. ಈಗ ಉರಿ ತಗ್ಗಿಸುವ ಬದಲು ಬಾಣಲೆಯನ್ನೇ ಎತ್ತಿ ಪಕ್ಕದ ತಣ್ಣಗಿನ ಒಲೆಯ ಮೇಲೆ ಇಡುತ್ತೇನೆ. ಬೆಂಗಳೂರಿನಲ್ಲಿ ಇಂಥ ಒಲೆಯನ್ನು ಬಳಸುವವರಿದ್ದರೆ ಅವರಿಗೂ ಇದು ಉಪಯೋಗಕ್ಕೆ ಬರಬಹುದು.

ಇನ್ನೊಂದು ವಿಷಯ. ನಾನ್‌ಸ್ಟಿಕ್ ಬಾಣಲೆಯಲ್ಲಿ ಒಣ ಮಸಾಲೆ ಹುರಿಯಬೇಡಿ. ಖಾಲಿ ಬಾಣಲೆ ಅತಿಯಾಗಿ ಕಾದರೆ ಅದರ ಲೇಪ ಕೆಟ್ಟು, ಒಳ್ಳೆಯದಲ್ಲದ ಹೊಗೆ ಬಿಡುತ್ತದೆ. ಮೆಣಸಿನಕಾಯಿ ಹುರಿಯುವಾಗ ಒಂದು ಚಿಟಿಕೆ ಉಪ್ಪು ಹಾಕಿದರೆ ಘಾಟು ಕಡಿಮೆಯಾಗುತ್ತದೆ ಎಂದು ನನ್ನ ಅಜ್ಜಿ ಹಾಕುತ್ತಿದ್ದರು. ನಾನೂ ಹಾಕುತ್ತೇನೆ, ಆದರೆ ಕಿಟಕಿ ತೆರೆಯುವುದನ್ನು ಬಿಡುವುದಿಲ್ಲ. ಇಲ್ಲಿ ಹೊಗೆಯ ಎಚ್ಚರಿಕೆ ಗಂಟೆ ಒಮ್ಮೆ ಹೊಡೆದುಕೊಂಡು, ಇಡೀ ಕಟ್ಟಡದವರು ಮೆಟ್ಟಿಲಿಳಿದು ಬಂದ ಮೇಲೆ ಆ ಪಾಠ ಕಲಿತದ್ದು.

ಹೊಸ ಒಲೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಭಾನುವಾರ ಕಬ್ಬಿಣದ ಬಾಣಲೆಯೊಂದನ್ನು ಕೊಂಡು ತಂದು, ಬ್ರಹ್ಮಾವರದವರು ಹೇಳಿದ ಕ್ರಮದಲ್ಲಿಯೇ, ತಟ್ಟೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಹುರಿದೆ. ಕೊತ್ತಂಬರಿಗೆ ನನ್ನ ಒಲೆಯಲ್ಲಿ ಸುಮಾರು ನಾಲ್ಕು ನಿಮಿಷ ಹಿಡಿಯಿತು. ಮೊದಲು ಒತ್ತಿ ನೋಡಿದ ಕಾಳು ಚಪ್ಪಟೆಯಾಯಿತು, ಮೂರನೆಯದು ಒಡೆಯಿತು. ಆ ಹೊತ್ತಿಗೆ ಬಂದ ಪರಿಮಳ ಊರಿನ ಅಡುಗೆಮನೆಯದೇ ಆಗಿತ್ತು. ಮೆಂತ್ಯವನ್ನು ಒಂದು ಸಲ ಚೆಲ್ಲಬೇಕಾಯಿತು, ಅಷ್ಟೇ. ಗಸಿಯ ಬಣ್ಣ ಕೆಂಪಾಗಿ ಬಂದಿದೆ, ಕಹಿಯಿಲ್ಲ. ಫೋಟೊ ನೋಡಿದ ಅಮ್ಮ ‘ಪರಿಮಳ ಬರುವವರೆಗೆ ಹುರಿ ಎಂದು ನಾನು ಮೊದಲೇ ಹೇಳಿರಲಿಲ್ಲವೇ’ ಎಂದರು.

ಒಂದು ಸಂಶಯ ಉಳಿದಿದೆ. ಕೊನೆಯ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಹೊತ್ತಿಗೆ ನಾನು ಮೊದಲೇ ಹಾಕಿದ್ದ ಇಂಗು ಕಪ್ಪಾಗಿತ್ತು, ಕರಿಬೇವು ಕೂಡ ಕಂದಿಹೋಗಿತ್ತು. ಇವುಗಳಿಗೂ ಒಂದು ಸರದಿ ಇದೆಯೇ?

ಬ್ರಹ್ಮಾವರದವಳು:

ಖಂಡಿತ ಇದೆ. ಎಣ್ಣೆ ಕಾದ ಮೇಲೆ ಒಂದೆರಡು ಸಾಸಿವೆ ಕಾಳು ಹಾಕಿ ನೋಡಿ, ಅವು ಕೂಡಲೇ ಸಿಡಿದರೆ ಉಳಿದದ್ದನ್ನು ಹಾಕಿ. ಚಟಪಟ ಸದ್ದು ಪೂರ್ತಿ ನಿಲ್ಲುವವರೆಗೆ ಮತ್ತೇನನ್ನೂ ಹಾಕಬೇಡಿ. ಸಿಡಿಯದೆ ಉಳಿದ ಸಾಸಿವೆ ಹಲ್ಲಿಗೆ ಸಿಕ್ಕಿದರೆ ಕಹಿಯಾಗಿರುತ್ತದೆ. ಸದ್ದು ನಿಂತ ಮೇಲೆ ಒಣಮೆಣಸಿನಕಾಯಿಯ ಎರಡು ತುಂಡು, ಅದು ಉಬ್ಬಿದೊಡನೆ ಒಲೆ ಆರಿಸಿ ಕರಿಬೇವು, ಎಲ್ಲಕ್ಕಿಂತ ಕೊನೆಗೆ ಇಂಗು. ಅಂಗಡಿಯ ಪುಡಿ ಇಂಗಿಗೆ ಸಾಮಾನ್ಯವಾಗಿ ಹಿಟ್ಟು ಬೆರೆಸಿರುತ್ತಾರೆ, ಅದು ಬೇಗ ಸೀಯುತ್ತದೆ. ಆರಿಸಿದ ಒಲೆಯ ಬಿಸಿಯೇ ಅದಕ್ಕೆ ಧಾರಾಳವಾಯಿತು. ಗಟ್ಟಿ ಇಂಗು ನಿಮ್ಮಲ್ಲಿದ್ದರೆ ಮಾತ್ರ ಕ್ರಮ ತಿರುಗುಮುರುಗು. ಅದರ ಚೂರನ್ನು ಸಾಸಿವೆಗಿಂತ ಮೊದಲೇ ಎಣ್ಣೆಗೆ ಹಾಕಿ, ಅರಳಿದ ಮೇಲೆ ತೆಗೆದಿಟ್ಟು, ಪುಡಿ ಮಾಡಿ ಗಸಿಗೆ ಸೇರಿಸಬೇಕು.

ಕರಿಬೇವನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿಕೊಳ್ಳಿ, ಇಲ್ಲದಿದ್ದರೆ ಎಣ್ಣೆ ಮುಖಕ್ಕೆ ಹಾರುತ್ತದೆ. ಮತ್ತು ಕಬ್ಬಿಣದ ಬಾಣಲೆಯಲ್ಲಿ ಹುರಿಯುವುದು ಸರಿ, ಆದರೆ ಹುಣಸೆಹುಳಿ ಹಾಕಿದ ಗಸಿಯನ್ನು ಅದರಲ್ಲಿ ಕುದಿಸಿಡಬೇಡಿ. ಕಬ್ಬಿಣದ ರುಚಿ ಇಳಿದು ಬಣ್ಣ ಕಪ್ಪಾಗುತ್ತದೆ, ಆಗ ನೀವು ಪುನಃ ಮಸಾಲೆ ಸೀದಿತೆಂದು ತಿಳಿದು ಇಲ್ಲಿಗೆ ಬರುತ್ತೀರಿ.